ಮುನ್ನೂರು ವಾಟ್‌ನ ಭಾರ

ಹಳೆಯ ವಾಲ್ವ್ ಆಂಪ್ಲಿಫೈಯರಿನ ಕಸುವು ತಿಳಿಯಬೇಕಾದರೆ ಮೊದಲು ಅದನ್ನು ಎತ್ತಿ ನೋಡಬೇಕು. ಅಮೆರಿಕದ ಆಂಪೆಗ್ ಕಂಪನಿ 1969ರಲ್ಲಿ ಹೊರತಂದ ಎಸ್‌ವಿಟಿ ಎಂಬ ಬಾಸ್ ಗಿಟಾರ್ ಆಂಪ್ಲಿಫೈಯರಿನ ‘ಹೆಡ್’, ಅಂದರೆ ಸ್ಪೀಕರ್ ಇಲ್ಲದ ಬರೀ ಪೆಟ್ಟಿಗೆ, ಸುಮಾರು 40 ಕಿಲೋ ತೂಗುತ್ತದೆ. 25 ಕಿಲೋ ಅಕ್ಕಿ ಮೂಟೆಯನ್ನು ಸಲೀಸಾಗಿ ಹೆಗಲಿಗೇರಿಸುವವರೂ ಇದಕ್ಕೆ ಇನ್ನೊಬ್ಬರನ್ನು ಕರೆಯುತ್ತಾರೆ. ಅದರ ಶಕ್ತಿ 300 ವಾಟ್. ನಮ್ಮ ಮನೆಗಳಲ್ಲಿದ್ದ ವಾಲ್ವ್ ರೇಡಿಯೊ ನಾಲ್ಕೈದು ವಾಟ್ ಕೊಟ್ಟರೆ ಹೆಚ್ಚಾಗಿತ್ತು. ಎಸ್‌ವಿಟಿಯೊಳಗೆ ಒಟ್ಟು 14 ವಾಲ್ವ್‌ಗಳಿವೆ. ಆದರೆ ಗಾಜಿನ ವಾಲ್ವ್ ಹಗುರ; ಈ ಭಾರದ ಬಹುಪಾಲು ಎರಡು ಟ್ರಾನ್ಸ್‌ಫಾರ್ಮರ್‌ಗಳ ಕಬ್ಬಿಣ ಮತ್ತು ತಾಮ್ರದ್ದು. ಹೊರಗಿನ ರೆಕ್ಸಿನ್, ಗುಬುಟು, ಹೆಸರಿನ ಫಲಕ ಎಲ್ಲವನ್ನೂ ಯಾವಾಗ ಬೇಕಾದರೂ ಬದಲಾಯಿಸಬಹುದು. ಒಳಗಿನ ಕಬ್ಬಿಣ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ.

ಇಂಥ ದೈತ್ಯ ಯಂತ್ರಗಳು ಹುಟ್ಟಿದ್ದು 1960ರ ದಶಕದ ಅಗತ್ಯದಿಂದ. ಆಗ ಸಭಾಂಗಣದ ಧ್ವನಿವರ್ಧಕ ವ್ಯವಸ್ಥೆ ಹಾಡುಗಾರರ ದನಿಯನ್ನೇ ಹೊರಲು ಏದುಸಿರು ಬಿಡುತ್ತಿತ್ತು. ಗಿಟಾರ್, ಬಾಸ್ ವಾದಕರು ತಮ್ಮ ಬೆನ್ನ ಹಿಂದಿನ ಪೆಟ್ಟಿಗೆಯಿಂದಲೇ ಇಡೀ ಸಭೆಗೆ ಕೇಳಿಸಬೇಕಿತ್ತು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡ 55,000ಕ್ಕೂ ಹೆಚ್ಚು ಜನರೆದುರು ನುಡಿಸಿತು. ವಾಕ್ಸ್ ಕಂಪನಿಯ 100 ವಾಟ್ ಯಂತ್ರಗಳಿದ್ದರೂ ಜನರ ಕೂಗಿನಲ್ಲಿ ಸಂಗೀತ ಮುಳುಗಿಹೋಯಿತು. ಅದೇ ವರ್ಷ ಲಂಡನ್ನಿನಲ್ಲಿ ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್ ಇನ್ನೂ ಜೋರಾದ ಯಂತ್ರ ಬೇಕೆಂದು ಆಂಪ್ಲಿಫೈಯರ್ ತಯಾರಕ ಜಿಮ್ ಮಾರ್ಷಲ್ ಅವರ ಬೆನ್ನುಬಿದ್ದರು. ಮಾರ್ಷಲ್ 100 ವಾಟ್ ಹೆಡ್ ಬಂತು. 1967ರಲ್ಲಿ ಅದರ ಅಣ್ಣ, 200 ವಾಟ್‌ನದು, ಬಂತು. ಅಮೆರಿಕದ ಆರೆಗನ್‌ನಲ್ಲಿ ‘ಕಿಂಗ್ಸ್‌ಮೆನ್’ ತಂಡದ ಬಾಸ್ ವಾದಕ ನಾರ್ಮ್ ಸಂಡ್‌ಹೋಮ್ ಅವರಿಗೆ ತಮ್ಮ ವಾದ್ಯಕ್ಕೆ ಸಾಲುವ ಯಂತ್ರ ಸಿಗದೆ, ಅಣ್ಣತಮ್ಮಂದಿರು ಸೇರಿ ‘ಸನ್’ ಕಂಪನಿಯನ್ನೇ ಕಟ್ಟಿದರು.

ಆಂಪೆಗ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಸ್ಥಾಪಕ ಎವರೆಟ್ ಹಲ್ ಸ್ವತಃ ಬಾಸ್ ವಾದಕರು, ಶುದ್ಧ ನಾದದ ಪ್ರೇಮಿ. ರಾಕ್ ಸಂಗೀತದ ಒರಟು ದನಿ ಅವರಿಗೆ ಹಿಡಿಸುತ್ತಿರಲಿಲ್ಲ. ಅವರು ಕಂಪನಿ ಬಿಟ್ಟ ಮೇಲೆಯೇ ಬಿಲ್ ಹ್ಯೂಸ್ ಮುಂದಾಳತ್ವದಲ್ಲಿ ಎಸ್‌ವಿಟಿ ರೂಪುಗೊಂಡಿತು. ಅದರ ಮೊದಲ ಮಾದರಿಗಳು ರೋಲಿಂಗ್ ಸ್ಟೋನ್ಸ್ ತಂಡದ 1969ರ ಅಮೆರಿಕ ಪ್ರವಾಸದಲ್ಲಿ ಊರೂರು ಸುತ್ತಿದವು.

ಇನ್ನು ಕಬ್ಬಿಣದ ವಿಚಾರ. ವಾಲ್ವ್ ಕೆಲಸ ಮಾಡುವುದು ಹೆಚ್ಚು ವೋಲ್ಟೇಜ್, ಕಡಿಮೆ ಕರೆಂಟ್‌ನಲ್ಲಿ. ಎಸ್‌ವಿಟಿಯ ದೊಡ್ಡ ವಾಲ್ವ್‌ಗಳಿಗೆ ಸುಮಾರು 700 ವೋಲ್ಟ್ ಬೇಕು. ಸ್ಪೀಕರಿಗೆ ಬೇಕಾದದ್ದು ಇದರ ತಿರುವುಮುರುವು: ಕಡಿಮೆ ವೋಲ್ಟೇಜ್, ಹೆಚ್ಚು ಕರೆಂಟ್. ಇವೆರಡರ ನಡುವೆ ನಿಂತು ಸಂಧಾನ ಮಾಡುವುದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ವಾಲ್ವ್‌ಗಳು 2000 ಓಮ್ ಹೊರೆ ಬಯಸುತ್ತವೆ, ಸ್ಪೀಕರ್ 8 ಓಮ್‌ನದು ಎಂದಿಟ್ಟುಕೊಳ್ಳಿ. ಅನುಪಾತ 250, ಅದರ ವರ್ಗಮೂಲ ಹತ್ತಿರಹತ್ತಿರ 16. ಸ್ಪೀಕರ್ ಕಡೆಯ ಸುರುಳಿಯ ಒಂದು ಸುತ್ತಿಗೆ ವಾಲ್ವ್ ಕಡೆ 16 ಸುತ್ತು ಹಾಕಿದರೆ ಲೆಕ್ಕ ಕೂಡುತ್ತದೆ.

ಆದರೆ ಸ್ವರ ಕೆಳಗಿಳಿದಂತೆ ಟ್ರಾನ್ಸ್‌ಫಾರ್ಮರಿನ ಕಷ್ಟ ಏರುತ್ತದೆ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ 82 ಸಲ ಕಂಪಿಸಿದರೆ ಬಾಸ್‌ನ ದಪ್ಪ ತಂತಿ 41 ಸಲ ಮಾತ್ರ. ವೋಲ್ಟೇಜ್ ಅಷ್ಟೇ ಇದ್ದು ಕಂಪನ ಅರ್ಧಕ್ಕಿಳಿದರೆ ತಿರುಳಿನ ಕಬ್ಬಿಣ ಹೊರಬೇಕಾದ ಕಾಂತತ್ವ ಇಮ್ಮಡಿಯಾಗುತ್ತದೆ. ಕಬ್ಬಿಣಕ್ಕೂ ಒಂದು ಮಿತಿಯಿದೆ. ಅದನ್ನು ದಾಟಿದರೆ ನಾದದ ಬುಡವೇ ಚಪ್ಪಟೆಯಾಗುತ್ತದೆ. ಪರಿಹಾರ ಒಂದೇ: ತಿರುಳನ್ನು ದಪ್ಪ ಮಾಡುವುದು, ಸುತ್ತು ಹೆಚ್ಚಿಸುವುದು. ಎಸ್‌ವಿಟಿಯ 40 ಕಿಲೋ ಬಂದದ್ದು ಹೀಗೆ. ‘ಬಾಸ್’ ಎಂದು ಫಲಕವಿರುವ ಹಳೆಯ ಹೆಡ್‌ನಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್ ಕಂಡರೆ ಅನುಮಾನಪಡಲು ಕಾರಣವಿದೆ.

ಹಾಗಾದರೆ 300 ವಾಟ್‌ನದು 100 ವಾಟ್‌ನದಕ್ಕಿಂತ ಮೂರು ಪಟ್ಟು ಜೋರೇ? ಇಲ್ಲ. ವ್ಯತ್ಯಾಸ 5 ಡೆಸಿಬೆಲ್‌ಗೂ ಕಡಿಮೆ. ಕಿವಿಗೆ ಇಮ್ಮಡಿ ಜೋರು ಅನ್ನಿಸಲು ಹತ್ತು ಪಟ್ಟು ಶಕ್ತಿ ಬೇಕು. ಹೆಚ್ಚುವರಿ ವಾಟ್‌ಗಳು ಬೇಕಾಗಿದ್ದು ಮುಖ್ಯವಾಗಿ ಮಂದ್ರಕ್ಕೆ. ಮನುಷ್ಯನ ಕಿವಿ ಮಂದ್ರದಲ್ಲಿ ಮಂದ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. 40 ಹರ್ಟ್ಸ್ ಸ್ವರವೊಂದು 1000 ಹರ್ಟ್ಸ್ ಸ್ವರದಷ್ಟೇ ಜೋರಾಗಿ ಕೇಳಬೇಕಾದರೆ 20 ಡೆಸಿಬೆಲ್‌ಗೂ ಹೆಚ್ಚು, ಅಂದರೆ ನೂರು ಪಟ್ಟಿಗೂ ಮೀರಿದ ಶಕ್ತಿ ಬೇಕು. ಗಿಟಾರಿನವರಿಗೆ 50 ವಾಟ್ ಸಾಲುವ ಕಡೆ ಬಾಸ್‌ನವರು 300 ಕೇಳಿದ್ದು ದುರಾಸೆಯಿಂದಲ್ಲ.

ಹಳೆಯ ಹೆಡ್ ಯಾವುದೆಂದು ಗುರುತಿಸುವಾಗ ತೂಕದ ನಂತರ ನೋಡಬೇಕಾದ್ದು ಹಿಂಬದಿಯ ದೊಡ್ಡ ವಾಲ್ವ್‌ಗಳ ಸಾಲನ್ನು. ನೀಳ ದೇಹದ ಇಎಲ್34 ನಾಲ್ಕಿದ್ದರೆ ಸಾಮಾನ್ಯವಾಗಿ 100 ವಾಟ್. ಗುಂಡು ಹೊಟ್ಟೆಯ ಬ್ರಿಟಿಷ್ ಕೆಟಿ88 ನಾಲ್ಕಿದ್ದರೆ 200. ಮಾರ್ಷಲ್‌ನ ದೊಡ್ಡಣ್ಣನ ಕ್ರಮ ಇದು. ಅಮೆರಿಕದ 6550 ಆರಿದ್ದರೆ 300. ಒಂದು 6550ರ ತಂತು ಕೆಂಪಗೆ ಕಾಯುವುದಕ್ಕೇ 10 ವಾಟ್ ನುಂಗುತ್ತದೆ. ಆರಕ್ಕೆ 60 ವಾಟ್, ಒಂದು ಸ್ವರವೂ ಹೊಮ್ಮುವ ಮೊದಲೇ. ಮೊಟ್ಟಮೊದಲ ಎಸ್‌ವಿಟಿಗಳಲ್ಲಿದ್ದದ್ದು ಬೇರೆ ವಾಲ್ವ್: ರೇಡಿಯೊ ಪ್ರಸಾರ ಯಂತ್ರಗಳಿಗೆಂದು ಹೆಸರಾದ 6146. ಅದರ ನೆತ್ತಿಯಲ್ಲಿ ಲೋಹದ ಟೊಪ್ಪಿ, ಟೊಪ್ಪಿಗೊಂದು ತಂತಿ. ಆ ತಂತಿಗಳು ಕಂಡರೆ ಮೊದಲ ತಲೆಮಾರಿನ ಯಂತ್ರ ಎದುರಿಗಿದೆ ಎನ್ನಬಹುದು. ವಾಲ್ವ್ ಒಳಗಿನ ಬೆಳ್ಳಿಯಂಥ ಲೇಪ ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಅದು ಸತ್ತ ವಾಲ್ವ್. ಗಾಜಿನ ಒಳಮೈಗೆ ಅಂಟಿದ ನೀಲಿ ಬೆಳಕು ಮಾತ್ರ ನಿರಪಾಯಕರ, ನೋಡಲು ಬಲು ಚಂದ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ 1961ರಿಂದ ರೇಡಿಯೊ ವಾಲ್ವ್ ತಯಾರಿಸಿದ ಹಿರಿಯರಿಗೆ ಈ ಲಕ್ಷಣಗಳೆಲ್ಲ ಕರತಲಾಮಲಕ.

ವಯಸ್ಸು ತಿಳಿಯಲು ಅಮೆರಿಕದ ಬಿಡಿಭಾಗಗಳ ಮೇಲೆ ಅಂಕಿಗಳಿರುತ್ತವೆ. ಟ್ರಾನ್ಸ್‌ಫಾರ್ಮರ್ ಮೇಲೆ 606-6-42 ಎಂದಿದ್ದರೆ 606 ಎಂದರೆ ಶೂಮಾಕರ್ ಕಂಪನಿ, 6 ಎಂದರೆ ವರ್ಷದ ಕೊನೆಯ ಅಂಕಿ, 42 ಎಂದರೆ ವಾರ. ಅದು 1966ರ ಯಂತ್ರವಾದರೆ ಆ ವರ್ಷದ ಅಕ್ಟೋಬರ್ ಎಂದಾಯಿತು. ವಾಲ್ಯೂಮ್ ಕಂಟ್ರೋಲ್‌ಗಳ ಬೆನ್ನಿನ ಮೇಲೆ 137 ಎಂದಿದ್ದರೆ ಸಿಟಿಎಸ್ ಕಂಪನಿಯದು. ಯಂತ್ರ ತನ್ನ ಅತಿ ಹೊಸ ಮೂಲ ಭಾಗಕ್ಕಿಂತ ಹಳೆಯದಾಗಿರಲಾರದು. ಅಂಕಿಗಳೆಲ್ಲ ಕೆಲವು ತಿಂಗಳ ಅಂತರದಲ್ಲಿದ್ದರೆ ನಂಬಿಕೆ ಗಟ್ಟಿಯಾಗುತ್ತದೆ. ಬ್ರಿಟನ್ನಿನ ಹೈವಾಟ್ ಹೆಡ್‌ಗಳಲ್ಲಿ ಅಂಕಿಗಿಂತ ಮೊದಲು ಕಣ್ಣಿಗೆ ಬೀಳುವುದು ಕೈಕೆಲಸ. ಸೇನೆಯ ಗುತ್ತಿಗೆಗಳಲ್ಲಿ ಪಳಗಿದ ಹ್ಯಾರಿ ಜಾಯ್ಸ್ ಜೋಡಿಸಿದ ವೈರುಗಳು ಪ್ರತಿ ತಿರುವಿನಲ್ಲೂ ನೇರ ಲಂಬಕೋನದಲ್ಲಿ ಬಾಗಿ, ಸಾಲಾಗಿ ಸಾಗುತ್ತವೆ. ಇಷ್ಟು ಶಿಸ್ತಿನ ಕೆಲಸವನ್ನು ವಾದ್ಯ ಪ್ರಪಂಚದಲ್ಲಿ ಇನ್ನೆಲ್ಲಿಯೂ ನಾನು ಕಂಡಿಲ್ಲ.

ಒಳಗನ್ನು ನೋಡುವ ಆಸೆ ಇರುವವರು ತಿಳಿದವರ ಕೈಯಿಂದಲೇ ಮುಚ್ಚಳ ತೆಗೆಸಬೇಕು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದು ಪ್ರಾಣ ತೆಗೆಯಬಲ್ಲದು. ಸ್ಪೀಕರ್ ಜೋಡಿಸದೆ ನುಡಿಸಿದರೆ ಶಕ್ತಿಗೆ ಹೋಗಲು ದಾರಿಯಿಲ್ಲದೆ ವೋಲ್ಟೇಜ್ ಚಿಮ್ಮಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಅಮೆರಿಕದಿಂದ ಊರಿಗೆ ತರುವವರಿಗೆ ಇನ್ನೊಂದು ಮಾತು. ಅಲ್ಲಿಯ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜನ್ನು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಳಿಸಿಕೊಡುತ್ತದೆ, ಹರ್ಟ್ಸನ್ನು ಬದಲಿಸಲಾರದು. ಮಂದ್ರ ಸ್ವರದ ಲೆಕ್ಕವೇ ಇಲ್ಲಿಯೂ: 60ಕ್ಕೆಂದು ಸುತ್ತಿದ ಪವರ್ ಟ್ರಾನ್ಸ್‌ಫಾರ್ಮರ್ 50ರಲ್ಲಿ ಐದನೇ ಒಂದು ಪಾಲು ಹೆಚ್ಚು ಕಾಂತತ್ವ ಹೊರಬೇಕಾಗಿ ಅತಿಯಾಗಿ ಬಿಸಿಯೇರಬಹುದು. ಕೊಳ್ಳುವ ಮೊದಲು ಹಿಂಬದಿಯ ಫಲಕದಲ್ಲಿ ‘50/60 ಹರ್ಟ್ಸ್’ ಎಂದು ಬರೆದಿದೆಯೇ ನೋಡಿಕೊಳ್ಳಿ.