ಮಿದುಳಿನ ಲಿಂಫೋಮಾ: ಕೀಮೋಥೆರಪಿಯೊಡನೆ ಪ್ರತಿಕಾಯ ಚಿಕಿತ್ಸೆ

ರೋಗಾಣುಗಳಿಂದ ಶರೀರವನ್ನು ರಕ್ಷಿಸುವ ಬಿಳಿಯ ರಕ್ತಕಣಗಳಲ್ಲಿ ಲಿಂಫೋಸೈಟುಗಳು ಒಂದು ಬಗೆ. ಇವು ಅಂಕೆಮೀರಿ ವೃದ್ಧಿಸಿದಾಗ ಉಂಟಾಗುವ ಕ್ಯಾನ್ಸರಿಗೆ ಲಿಂಫೋಮಾ ಎಂದು ಹೆಸರು. ವಿರಳವಾಗಿ ಈ ರೋಗವು ಮಿದುಳಿನಲ್ಲಿಯೇ ಮೊದಲುಗೊಳ್ಳುವುದುಂಟು. ನೆನಪು ಕುಂದುವುದು, ನಡವಳಿಕೆ ಬದಲಾಗುವುದು, ಕೈಕಾಲುಗಳಲ್ಲಿ ಬಲಹೀನತೆ, ಮಾತಿನ ತೊಡಕು, ಫಿಟ್ಸ್ ಇದರ ಲಕ್ಷಣಗಳಾಗಿರಬಹುದು. ಎಂ.ಆರ್.ಐ. ಪರೀಕ್ಷೆಯ ಬಳಿಕ ಸಾಮಾನ್ಯವಾಗಿ ಗೆಡ್ಡೆಯ ಒಂದು ತುಣುಕನ್ನು ತೆಗೆದು ಪರೀಕ್ಷಿಸಿ ರೋಗವನ್ನು ಖಚಿತಪಡಿಸಲಾಗುತ್ತದೆ. ಇದಕ್ಕೆ ಮೊದಲೇ ಸ್ಟೀರಾಯ್ಡ್ ಔಷಧ ನೀಡಿದರೆ ಗೆಡ್ಡೆ ತಾತ್ಕಾಲಿಕವಾಗಿ ಕುಗ್ಗಿ, ರೋಗನಿರ್ಣಯ ಕಠಿಣವಾಗಬಹುದು.

ಮಿದುಳಿನ ಸೂಕ್ಷ್ಮ ರಕ್ತನಾಳಗಳ ಭಿತ್ತಿಯು ರಕ್ತದಲ್ಲಿರುವ ಅನೇಕ ವಸ್ತುಗಳನ್ನು ಒಳಕ್ಕೆ ಬಿಡುವುದಿಲ್ಲ. ಈ ರಕ್ಷಣೆಯೇ ಚಿಕಿತ್ಸೆಗೆ ಅಡ್ಡಿಯಾಗುತ್ತದೆ. ಈ ಅಡ್ಡಿಯನ್ನು ದಾಟುವಷ್ಟು ಹೆಚ್ಚಿನ ಪ್ರಮಾಣದಲ್ಲಿ ನೀಡುವ ಮೆಥೊಟ್ರೆಕ್ಸೇಟ್ ಔಷಧವೇ ಚಿಕಿತ್ಸೆಯ ಮೂಲಾಧಾರ. ಮೂತ್ರಪಿಂಡಗಳಿಗೆ ಹಾನಿಯಾಗದಂತೆ ರೋಗಿಗೆ ರಕ್ತನಾಳದ ಮೂಲಕ ಹೇರಳವಾಗಿ ದ್ರವವನ್ನು ನೀಡಲಾಗುತ್ತದೆ. ಆರೋಗ್ಯವಂತ ಜೀವಕೋಶಗಳ ರಕ್ಷಣೆಗೆ ಲ್ಯೂಕೊವೊರಿನ್ ಕೊಡಲಾಗುತ್ತದೆ. ಆದ್ದರಿಂದ ಈ ಚಿಕಿತ್ಸೆ ಆಸ್ಪತ್ರೆಯಲ್ಲಿಯೇ, ರಕ್ತದಲ್ಲಿನ ಔಷಧದ ಮಟ್ಟವನ್ನು ಪರೀಕ್ಷಿಸುತ್ತ ನಡೆಯಬೇಕು.

ಇದರೊಡನೆ ಸೇರಿಸುವ ಪ್ರತಿಕಾಯ ಔಷಧ ರಿಟುಕ್ಸಿಮ್ಯಾಬ್. ಬಿ-ಲಿಂಫೋಸೈಟುಗಳ ಮೇಲ್ಮೈಯಲ್ಲಿರುವ ಸಿ.ಡಿ. 20 ಎಂಬ ಪ್ರೋಟೀನಿಗೆ ಇದು ಅಂಟಿಕೊಳ್ಳುತ್ತದೆ. ಹೀಗೆ ಗುರುತಿಸಲ್ಪಟ್ಟ ಕಣಗಳನ್ನು ಶರೀರದ ರಕ್ಷಣಾ ವ್ಯವಸ್ಥೆಯೇ ನಾಶಪಡಿಸುತ್ತದೆ. ಅಮೆರಿಕದಲ್ಲಿ 1997ರಲ್ಲಿ ಲಿಂಫೋಮಾ ಚಿಕಿತ್ಸೆಗೆ ಇದಕ್ಕೆ ಅನುಮತಿ ದೊರೆಯಿತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಸಂಸ್ಥೆ ಇದಕ್ಕೆ ಸಮಾನವಾದ ಔಷಧವನ್ನು ಭಾರತದಲ್ಲಿ ಮಾರಾಟಕ್ಕೆ ತಂದಿತು.

ಆದರೆ ಪ್ರತಿಕಾಯದ ಅಣು ಬಹಳ ದೊಡ್ಡದು. ರಕ್ತದಲ್ಲಿರುವ ಔಷಧದ ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ಮಿದುಳನ್ನು ಸುತ್ತುವರಿದ ದ್ರವವನ್ನು ಸೇರುತ್ತದೆ. ಗೆಡ್ಡೆಯಿರುವ ಕಡೆ ರಕ್ತನಾಳದ ತಡೆ ಸಡಿಲವಾಗಿರುವುದರಿಂದ ಅಲ್ಲಿಗೆ ಔಷಧ ತಲಪುವ ಸಾಧ್ಯತೆ ಹೆಚ್ಚು.

ಇದರ ಫಲವೇನು? ಯೂರೋಪಿನಲ್ಲಿ 227 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೆಥೊಟ್ರೆಕ್ಸೇಟ್ ಮತ್ತು ಸೈಟರಬಿನ್ ಮಾತ್ರ ಪಡೆದವರ ಪೈಕಿ ಶೇ. 23 ಮಂದಿಯಲ್ಲಿ ಗೆಡ್ಡೆ ಪೂರ್ಣವಾಗಿ ಮರೆಯಾಯಿತು. ರಿಟುಕ್ಸಿಮ್ಯಾಬ್ ಸೇರಿಸಿದಾಗ ಈ ಪ್ರಮಾಣ ಶೇ. 30, ಥಯೊಟೆಪ ಎಂಬ ಔಷಧವನ್ನೂ ಸೇರಿಸಿದಾಗ ಶೇ. 49. ಆದರೆ ನೆದರ್ಲೆಂಡ್ಸ್, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ 200 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಿಟುಕ್ಸಿಮ್ಯಾಬಿನಿಂದ ಸ್ಪಷ್ಟ ಲಾಭ ಕಂಡುಬರಲಿಲ್ಲ. ಆದುದರಿಂದ ಪ್ರತಿಕಾಯವು ಕೀಮೋಥೆರಪಿಗೆ ನೆರವಾಗಬಹುದೇ ಹೊರತು ಅದರ ಸ್ಥಾನವನ್ನು ತುಂಬಲಾರದು.

ರಿಟುಕ್ಸಿಮ್ಯಾಬ್ ಆರಂಭಿಸುವ ಮುನ್ನ ಹೆಪಟೈಟಿಸ್-ಬಿ ಪರೀಕ್ಷೆ ಕಡ್ಡಾಯ. ಸುಪ್ತವಾಗಿದ್ದ ಸೋಂಕು ಮರುಕಳಿಸಿ ಯಕೃತ್ತಿಗೆ ಮಾರಕವಾಗಬಹುದು. ಮೊದಲ ಬಾರಿ ಔಷಧ ಹನಿಸುವಾಗ ಚಳಿ, ಜ್ವರ ಅಥವಾ ಉಸಿರಾಟದ ತೊಂದರೆ ಉಂಟಾದರೆ ತಕ್ಷಣ ದಾದಿಯರಿಗೆ ತಿಳಿಸಬೇಕು. ರೋಗಿಯ ಬಂಧುಗಳು ಹಳೆಯ ಕಾಮಾಲೆ, ಮೂತ್ರಪಿಂಡದ ಕಾಯಿಲೆ ಹಾಗೂ ಸೇವಿಸುತ್ತಿರುವ ಎಲ್ಲ ಔಷಧಗಳ ವಿವರವನ್ನು ವೈದ್ಯರಿಗೆ ಮೊದಲೇ ನೀಡಬೇಕು. ಪ್ರತಿಕಾಯವನ್ನು ಸೇರಿಸುವುದರಿಂದ ತಮ್ಮ ರೋಗಿಗೆ ಆಗಬಹುದಾದ ಲಾಭವೆಷ್ಟು, ವೆಚ್ಚವೆಷ್ಟು ಎಂಬುದನ್ನು ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳಬೇಕು.