ಕಡತಕ್ಕೂ ಬೇಕು ಬೀಗ

ಹಳಿಯಾಳ ತಾಲ್ಲೂಕಿನ ತೇರಗಾಂವದ ವಿದ್ಯಾರ್ಥಿಯೊಬ್ಬ ಮನೆಯ ಬೆಲ್ಲ ಮಾರಲು ಅಂತರಜಾಲದಲ್ಲಿ ಅಂಗಡಿ ತೆರೆಯುತ್ತಾನೆ ಎನ್ನಿ. ಬೆಲೆ ಬರೆದಾಯಿತು, ಚಿತ್ರ ಸೇರಿಸಲು ಹೋದರೆ ‘ಅನುಮತಿ ಇಲ್ಲ’ ಎಂಬ ಉತ್ತರ! ಇದೇಕೆ?

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ಪದ್ಧತಿಯಲ್ಲಿ ಪ್ರತಿ ಕಡತಕ್ಕೂ ಒಡೆಯ, ಗುಂಪು, ಇತರರು ಎಂಬ ಮೂರು ವರ್ಗ. ಓದಲು 4, ಬರೆಯಲು 2, ನಡೆಸಲು 1. ಇವುಗಳ ಮೊತ್ತವೇ ಆಯಾ ವರ್ಗದ ಹಕ್ಕು.

ಅವಸರಕ್ಕೆ 777 ಕೊಟ್ಟರೆ ಕೆಲಸವಾದೀತು. ಆದರೆ ಅದು ಬಾಗಿಲು ತೆರೆದಿಟ್ಟು ಸಂತೆಗೆ ಹೋದಂತೆ; ಗಿರಾಕಿಗಳ ವಿಳಾಸವೂ ಕಳ್ಳರ ಪಾಲಾದೀತು. ಸಾಮಾನ್ಯವಾಗಿ ಕಡತಕ್ಕೆ 644, ಫೋಲ್ಡರಿಗೆ 755 ಸಾಕು. ಚಿತ್ರದ ಫೋಲ್ಡರಿನ ಒಡೆತನವನ್ನಷ್ಟೇ ವೆಬ್ ಸರ್ವರಿನ ಹೆಸರಿಗೆ ಮಾಡಿದರೆ ಬೆಲ್ಲದ ಚಿತ್ರ ಒಳಸೇರುತ್ತದೆ, ಉಳಿದ ಬೀಗ ಭದ್ರವಾಗಿರುತ್ತದೆ.