ಬಹುದೂರ ಓಡಿದ ಮನೆಯ ವಾಹನ: ಇಟ್ಟುಕೊಳ್ಳುವುದೋ, ಬದಲಾಯಿಸುವುದೋ?

ಅಡಿಕೆಯ ಹಣವೋ ಕಬ್ಬಿನ ಬಿಲ್ಲೋ ಕೈಗೆ ಬಂದ ತಿಂಗಳಿನಲ್ಲಿ ನಮ್ಮ ಗ್ರಾಮಗಳ ಅನೇಕ ಮನೆಗಳಲ್ಲಿ ಒಂದು ವಿಚಾರವು ಚರ್ಚೆಗೆ ಬರುವುದುಂಟು. ಮನೆಯ ಹಳೆಯ ಜೀಪೋ ಕಾರೋ ಎರಡು ಲಕ್ಷ ಕಿಲೋಮೀಟರುಗಳನ್ನು ದಾಟಿರುತ್ತದೆ. ಅದನ್ನು ದುರಸ್ತು ಮಾಡಿಸಿಕೊಂಡು ಮುಂದುವರಿಸತಕ್ಕದ್ದೋ, ಮಾರಿ ಹೊಸದನ್ನು ಕೊಳ್ಳತಕ್ಕದ್ದೋ ಎಂಬುದೇ ಆ ವಿಚಾರ. ವ್ಯವಸಾಯದ ಪತ್ರಿಕೆಯಲ್ಲಿ ಇದರ ಪ್ರಸ್ತಾಪವೇತಕ್ಕೆಂದು ಕೆಲವರು ಕೇಳಬಹುದು. ಹೊಸ ವಾಹನದ ಕಂತು ಹೊರಡುವುದು ಜಮೀನಿನ ಹುಟ್ಟುವಳಿಯಿಂದಲೇ ಅಲ್ಲವೆ? ಮಳೆ ತಪ್ಪಿದ ವರ್ಷದಲ್ಲಿ ಬೀಜಗೊಬ್ಬರಗಳಿಗೆ ಇಡಬೇಕಾದ ಹಣವು ಕಂತಿಗೆ ಸಂದು, ಬೇಸಾಯಕ್ಕೆ ಕೈಸಾಲ ಮಾಡಬೇಕಾದ ಮನೆಗಳನ್ನು ಗ್ರಾಮದ ಹಿರಿಯರು ಕಾಣದವರಲ್ಲ. ಅದರಂತೆಯೇ, ಉಳಿತಾಯವೆಂದುಕೊಂಡು ಕೆಟ್ಟ ಬ್ರೇಕಿನ ಗಾಡಿಯಲ್ಲಿ ಹೆಂಡಿರುಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವವರೂ ಇದ್ದಾರೆ. ನಷ್ಟವು ಎರಡು ಕಡೆಯಲ್ಲಿಯೂ ಉಂಟು.

ದೂರ ತೋರಿಸುವ ಮೀಟರಿನ ಅಂಕಿಗೆ ಜನರು ಕೊಡುವ ಬೆಲೆಯು ಅತಿಯಾದುದೆಂದು ನಮಗೆ ತೋರುತ್ತದೆ. ಎತ್ತನ್ನು ಕೊಳ್ಳುವವರು ಹಲ್ಲು ನೋಡುವರೆಂಬುದು ನಿಜ. ಆದರೆ ಅಷ್ಟಕ್ಕೇ ನಿಲ್ಲದೆ ಗೊರಸು, ಹೆಗಲು, ನಡಗೆ, ಮೇವು ತಿನ್ನುವ ಬಗೆ ಇವೆಲ್ಲವನ್ನೂ ಪರೀಕ್ಷಿಸಿದ ಮೇಲೆಯೇ ಮುಂಗಡ ಕೊಡುವರು. ವಾಹನದ ವಿಷಯವೂ ಹಾಗೆಯೇ. ಹೆದ್ದಾರಿಯಲ್ಲಿ ಹೆಚ್ಚು ಕಡಮೆ ಒಂದೇ ವೇಗದಿಂದ ಎರಡೂವರೆ ಲಕ್ಷ ಕಿಲೋಮೀಟರು ಓಡಿ, ಕಾಲಕಾಲಕ್ಕೆ ಎಣ್ಣೆಯನ್ನೂ ಫಿಲ್ಟರುಗಳನ್ನೂ ಬದಲಾಯಿಸಿಕೊಂಡು ಬಂದ ಡೀಸೆಲ್ ಎಂಜಿನ್ನು, ತೋಟಕ್ಕೂ ಮನೆಗೂ ನಡುವೆ ನಿತ್ಯವೂ ನಾಲ್ಕಾರು ಬಾರಿ ತಣ್ಣಗಿರುವಾಗಲೇ ಹೊರಟು ತಣ್ಣಗಿರುವಾಗಲೇ ನಿಂತು ಒಂದು ಲಕ್ಷ ಮಾತ್ರ ಓಡಿದ ಎಂಜಿನ್ನಿಗಿಂತ ಗಟ್ಟಿಯಾಗಿರಬಹುದು. ಎಂಜಿನ್ನಿನ ಸವೆತವು ಬಹುಮಟ್ಟಿಗೆ ಅದು ಕಾವೇರುವುದಕ್ಕೆ ಮೊದಲೇ ಆಗುವಂಥಾದ್ದು.

ಸವೆಯುವ ಭಾಗಗಳಲ್ಲಿ ಎರಡು ಬಗೆಯನ್ನು ತಿಳಿದುಕೊಳ್ಳಬೇಕು. ಟೈರು, ಬ್ಯಾಟರಿ, ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಷಾಕ್ ಅಬ್ಸಾರ್ಬರು ಮುಂತಾದವು ಸವೆಯುವುದಕ್ಕೆಂದೇ ಇರತಕ್ಕವು. ಹೊಸ ವಾಹನದಲ್ಲಿಯೂ ಕೆಲವು ವರ್ಷಗಳಲ್ಲಿ ಇವನ್ನು ಬದಲಾಯಿಸಲೇ ಬೇಕು. ನಾಲ್ಕು ಟೈರುಗಳ ಖರ್ಚು ಒಮ್ಮೆಲೇ ಬಂದಿತೆಂದು ಬೇಸರಪಟ್ಟು ಗಾಡಿಯನ್ನೇ ಮಾರುವುದು, ಲಾಳ ಸವೆದುದಕ್ಕೆ ಎತ್ತನ್ನು ಮಾರಿದಂತೆ. ಎಂಜಿನ್ನು, ಗೇರ್ ಪೆಟ್ಟಿಗೆ, ಅಡಿಯ ಚಾಸಿ ಇವುಗಳ ಸವೆತವಾದರೋ ಬೇರೆ ತರಹೆಯದು. ವಿಚಾರ ಮಾಡಬೇಕಾದುದು ಇಲ್ಲಿ.

ಎಂಜಿನ್ನಿನ ಸ್ಥಿತಿಯನ್ನು ಯಜಮಾನರು ತಾವೇ ಒಂದಷ್ಟು ತಿಳಿಯಬಹುದು. ಎಂಜಿನ್ ಕಾವೇರಿದ ನಂತರ ನೆರಳಿನಲ್ಲಿ ನಿಲ್ಲಿಸಿ, ಅದು ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ಎಚ್ಚರದಿಂದ ಸಡಿಲಿಸಿ ನೋಡಬೇಕು. ಅಲ್ಲಿಂದ ಹೊಗೆಯು ದಮ್ಮುಕಟ್ಟಿದಂತೆ ಬುಸುಬುಸನೆ ಹೊರಬಿದ್ದರೆ ಪಿಸ್ಟನ್ ರಿಂಗುಗಳು ಸವೆದಿರುವ ಸಂಭವವುಂಟು. ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ ಬಂದರೆ ಎಣ್ಣೆಯು ಉರಿಯುತ್ತಿದೆಯೆಂದೂ, ಕಾವೇರಿದ ಮೇಲೆಯೂ ಬಿಳಿಯ ಹೊಗೆ ನಿಲ್ಲದೆ ರೇಡಿಯೇಟರಿನ ನೀರು ಕಡಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನಲ್ಲಿ ದೋಷವಿರಬಹುದೆಂದೂ ತಿಳಿಯತಕ್ಕದ್ದು. ಕಪ್ಪು ಹೊಗೆಗೆ ಮಾತ್ರ ಅಷ್ಟು ಹೆದರಬೇಕಾಗಿಲ್ಲ. ಅನೇಕ ವೇಳೆ ಅದು ಕಟ್ಟಿಕೊಂಡ ಗಾಳಿಯ ಫಿಲ್ಟರಿನಿಂದಲೋ ಇಂಜೆಕ್ಟರಿನಿಂದಲೋ ಆಗುವುದು. ಇಷ್ಟರಿಂದಲೇ ತೀರ್ಮಾನಕ್ಕೆ ಬಾರದೆ, ಕಂಪ್ರೆಷನ್ ಅಳೆಯುವ ಉಪಕರಣವುಳ್ಳ ಮೆಕ್ಯಾನಿಕ್ಕಿನಿಂದ ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನೂ ಅಳೆಸಬೇಕು. ಒಂದು ಸಿಲಿಂಡರು ಉಳಿದವುಗಳಿಗಿಂತ ಬಹಳ ಕೆಳಗಿದ್ದರೆ ದೋಷವು ಎಲ್ಲಿದೆಯೆಂಬುದು ಗೊತ್ತಾಗುವುದು. ಗಾಡಿಯನ್ನು ಕೊಳ್ಳುವ ಇಚ್ಛೆಯಿರುವ ಮೆಕ್ಯಾನಿಕ್ಕಿನಿಂದ ಈ ಪರೀಕ್ಷೆಯನ್ನು ಮಾಡಿಸಬಾರದೆಂದು ಬೇರೆ ಹೇಳಬೇಕಾದುದಿಲ್ಲ.

ಎಂಜಿನ್ನಿಗಿಂತಲೂ ಮುಖ್ಯವಾದುದು ಅಡಿಯ ಚೌಕಟ್ಟು. ಎಂಜಿನ್ನನ್ನು ಬಿಚ್ಚಿ ಕಟ್ಟಬಹುದು. ತುಕ್ಕು ತಿಂದ ಚಾಸಿಯನ್ನು ಮೊದಲಿನಂತೆ ಮಾಡುವುದು ಕಷ್ಟ. ಬೇಸಾಯಗಾರರ ವಾಹನಗಳಲ್ಲಿ ಈ ತುಕ್ಕಿಗೆ ಒಂದು ವಿಶೇಷ ಕಾರಣವಿದೆ. ಹಿಂಬದಿಯಲ್ಲಿ ಯೂರಿಯಾ, ಪೊಟ್ಯಾಷ್ ಮೂಟೆಗಳನ್ನು ಹೇರುವಾಗ ಚೆಲ್ಲಿದ ಗೊಬ್ಬರವು ಗಾಳಿಯ ತೇವವನ್ನು ಹೀರಿಕೊಂಡು, ತಗಡಿನ ಸಂದುಗಳಲ್ಲಿ ನಿಂತು, ಬಣ್ಣದ ಕೆಳಗಿನಿಂದಲೇ ಕಬ್ಬಿಣವನ್ನು ತಿನ್ನುತ್ತದೆ. ಕರಾವಳಿಯ ಉಪ್ಪುಗಾಳಿಯೂ ಮಲೆನಾಡಿನ ನಿಲ್ಲದ ಮಳೆಯೂ ಇದಕ್ಕೆ ಸಹಾಯ ಮಾಡುವುವು. ಆದುದರಿಂದ ವಾಹನವನ್ನು ಎತ್ತರದ ರ‍್ಯಾಂಪಿನ ಮೇಲೆ ನಿಲ್ಲಿಸಿ, ಚಾಸಿಯ ಉದ್ದಕ್ಕೂ, ಸ್ಪ್ರಿಂಗುಗಳು ಕೂರುವ ಸ್ಥಳಗಳಲ್ಲಿಯೂ, ಬಾಗಿಲ ಕೆಳಗಿನ ಅಂಚುಗಳಲ್ಲಿಯೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ, ತುದಿಯಿಂದ ಒತ್ತುತ್ತ ಹೋಗಬೇಕು. ಗಟ್ಟಿಯಾದ ಕಬ್ಬಿಣವು ಝಣ್ ಎನ್ನುವುದು. ಕೊಳೆತದ್ದು ಮಂಕಾದ ಸದ್ದು ಮಾಡಿ ಪದರುಪದರಾಗಿ ಉದುರುವುದು. ಪ್ರತ್ಯೇಕ ಚಾಸಿಯುಳ್ಳ ಜೀಪುಗಳಲ್ಲಿ ಮೇಲಿನ ತಗಡು ಹೋದರೂ ಅಡಿ ಗಟ್ಟಿಯಿದ್ದರೆ ಉಪಾಯವಿದೆ. ಚಾಸಿ ಬೇರೆಯಿಲ್ಲದೆ ತಗಡಿನ ಮೈಯೇ ಭಾರವನ್ನು ಹೊರುವಂತೆ ಕಟ್ಟಿದ ಸಣ್ಣ ಕಾರುಗಳಲ್ಲಿ ಚಕ್ರಗಳ ಆಧಾರಸ್ಥಾನವೇ ಕೊಳೆತಿದ್ದರೆ, ಮುಂದೆ ಲೆಕ್ಕ ಹಾಕುವ ಪ್ರಯೋಜನವಿಲ್ಲ. ಆ ಗಾಡಿಯಲ್ಲಿ ಜನರನ್ನು ಕೂರಿಸಲಾಗದು.

ಚೌಕಟ್ಟು ಗಟ್ಟಿಯಾಗಿದ್ದಲ್ಲಿ ಲೆಕ್ಕಕ್ಕೆ ಕೂರಬಹುದು. ಸಾಧಾರಣವಾಗಿ ನಡೆಯುವ ತಪ್ಪೆಂದರೆ, ಈ ವರ್ಷದ ದುರಸ್ತಿನ ಖರ್ಚನ್ನು ಹಳೆಯ ಗಾಡಿಯ ಮಾರಾಟದ ಬೆಲೆಯೊಡನೆ ಹೋಲಿಸುವುದು. “ಒಂದೂವರೆ ಲಕ್ಷ ಬಾಳುವ ಗಾಡಿಗೆ ಎಂಬತ್ತು ಸಾವಿರದ ರಿಪೇರಿಯೆ?” ಎಂದು ಕೇಳುವುದು ರೂಢಿ. ಹೋಲಿಸಬೇಕಾದುದು ಹಳೆಯದನ್ನು ಇನ್ನೊಂದು ವರ್ಷ ಓಡಿಸುವ ವೆಚ್ಚವನ್ನೂ ಹೊಸದನ್ನು ಒಂದು ವರ್ಷ ಇಟ್ಟುಕೊಳ್ಳುವ ವೆಚ್ಚವನ್ನೂ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹೊಸ ವಾಹನವು ಎಲ್ಲಾ ಸೇರಿ 10 ಲಕ್ಷ ರೂಪಾಯಿ ಎಂದಿಟ್ಟುಕೊಂಡು, 2 ಲಕ್ಷ ಕೈಯಿಂದ ಹಾಕಿ, ಉಳಿದ 8 ಲಕ್ಷವನ್ನು ವರ್ಷಕ್ಕೆ ನೂರಕ್ಕೆ 9½ರ ಬಡ್ಡಿಯಲ್ಲಿ 5 ವರ್ಷಗಳಿಗೆ ಸಾಲ ತಂದರೆ, ತಿಂಗಳ ಕಂತು ಸುಮಾರು 16,800 ರೂಪಾಯಿ ಆಗುವುದು. ಒಟ್ಟು ಬಡ್ಡಿ ಸುಮಾರು 2 ಲಕ್ಷ 8 ಸಾವಿರ. ಐದು ವರ್ಷಗಳ ನಂತರ ಅದು 5 ಲಕ್ಷಕ್ಕೆ ಮಾರಾಟವಾದೀತೆಂದರೆ ವರ್ಷಕ್ಕೆ 1 ಲಕ್ಷ ಬೆಲೆ ಇಳಿಯುವುದು. ಬಡ್ಡಿಯ ಪಾಲು 41,600, ಹೆಚ್ಚಿನ ವಿಮೆ 20,000, ಸರ್ವಿಸಿಗೆ 10,000 ಸೇರಿಸಿದರೆ ವರ್ಷಕ್ಕೆ 1,71,600 ಆಯಿತು. ಎಣ್ಣೆಯಲ್ಲಿ ಉಳಿತಾಯವಿಲ್ಲವೆ ಎಂದರೆ, ಇದೆ. ವರ್ಷಕ್ಕೆ 10,000 ಕಿಲೋಮೀಟರು ಓಡಿಸುವ ಮನೆಯಲ್ಲಿ ಹಳೆಯದು ಲೀಟರಿಗೆ 12, ಹೊಸದು 18 ಕೊಟ್ಟರೆ, ಲೀಟರಿಗೆ 90 ರೂಪಾಯಿಯಂತೆ 75,000 ಆಗುತ್ತಿದ್ದ ಖರ್ಚು 50,000ಕ್ಕೆ ಇಳಿಯುವುದು. ಈ 25,000ವನ್ನು ಕಳೆದರೂ ಹೊಸದರ ಭಾರವು 1,46,600 ಉಳಿಯಿತು. ಎಂದರೆ, ಹಳೆಯ ಗಾಡಿಯು ಸರ್ವಿಸೂ ದುರಸ್ತೂ ಸೇರಿ ಪ್ರತಿ ವರ್ಷವೂ ಹತ್ತಿರ ಹತ್ತಿರ ಒಂದೂವರೆ ಲಕ್ಷವನ್ನು ತಿನ್ನುವವರೆಗೆ ಹೊಸದು ಅಗ್ಗವಾಗುವುದಿಲ್ಲ. ಎಂಬತ್ತು ಸಾವಿರದ ಎಂಜಿನ್ ಕೆಲಸವು ಎರಡು ಮೂರು ವರ್ಷ ನಡೆಸುವುದಾದರೆ ಅದು ದುಬಾರಿಯಲ್ಲ.

ಇದೇ ಲೆಕ್ಕವು ವರ್ಷಕ್ಕೆ 30,000 ಕಿಲೋಮೀಟರು ಓಡಿಸುವವರಿಗೆ ಬದಲಾಗುವುದು. ಅವರಿಗೆ ಎಣ್ಣೆಯಲ್ಲಿಯೇ 75,000 ಉಳಿದು, ಮೇಲ್ಕಂಡ ಮಿತಿಯು 96,600ಕ್ಕೆ ಇಳಿಯುತ್ತದೆ. ಆದ ಕಾರಣ ನೆರೆಯವರ ಲೆಕ್ಕವು ನಮಗೆ ಉಪಯೋಗವಿಲ್ಲ. ಒಂದು ನೋಟುಪುಸ್ತಕದಲ್ಲಿ ಹನ್ನೆರಡು ತಿಂಗಳು ಓಡಿದ ದೂರ, ಹಾಕಿಸಿದ ಎಣ್ಣೆ, ಕೊಟ್ಟ ರಿಪೇರಿ ಹಣ ಇವುಗಳನ್ನು ಬರೆದಿಡಬೇಕು. ಟ್ಯಾಂಕು ತುಂಬಿಸಿದ ದಿನದಿಂದ ಮತ್ತೆ ತುಂಬಿಸುವ ದಿನದವರೆಗಿನ ದೂರವನ್ನು ಲೀಟರುಗಳಿಂದ ಭಾಗಿಸಿದರೆ ನಿಜವಾದ ಮೈಲೇಜು ತಿಳಿಯುವುದು. ಬಾಯಿಮಾತಿನ ಮೈಲೇಜನ್ನು ನಂಬತಕ್ಕದ್ದಲ್ಲ. ಹಿಂದೆ ಹಾಕಿದ ಹಣವು ಮಾತ್ರ ಈ ಪುಸ್ತಕದಲ್ಲಿ ಬರಬಾರದು. “ಹೋದ ವರ್ಷವಷ್ಟೇ ಗೇರ್ ಪೆಟ್ಟಿಗೆ ಕಟ್ಟಿಸಿದೆವು, ಈಗ ಮಾರುವುದು ಹೇಗೆ?” ಎಂಬುದು ಬತ್ತಿದ ಬಾವಿಯನ್ನು ಇನ್ನೂ ಹತ್ತು ಅಡಿ ತೋಡಿಸುವವರ ಮಾತು. ಇನ್ನು, ಮಗಳ ಮದುವೆಯ ಹೊತ್ತಿಗೆ ಬಾಗಿಲಲ್ಲಿ ಹೊಸ ಕಾರು ನಿಂತಿರಬೇಕೆಂಬ ಇಚ್ಛೆಯನ್ನು ನಾವು ಜರೆಯುವುದಿಲ್ಲ. ಆದರೆ ಅದನ್ನು ಮದುವೆಯ ಖರ್ಚಿನಲ್ಲಿ ಬರೆಯಬೇಕೇ ಹೊರತು ಉಳಿತಾಯವೆಂದು ಬರೆಯಕೂಡದು.

ಲೆಕ್ಕಕ್ಕೆ ಒಳಪಡದ ವಿಷಯಗಳೂ ಉಂಟು. ಸ್ಟೇರಿಂಗ್ ಮತ್ತು ಬ್ರೇಕುಗಳಲ್ಲಿ ದೋಷವಿದ್ದರೆ ಅಂದೇ ಸರಿಪಡಿಸಬೇಕು, ಇಲ್ಲವೆ ಗಾಡಿಯನ್ನು ನಿಲ್ಲಿಸಬೇಕು. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಎ.ಬಿ.ಎಸ್. ಬ್ರೇಕೂ ಚಾಲಕನ ಗಾಳಿಚೀಲವೂ ಕಡ್ಡಾಯವಾದುದು 2019ರಲ್ಲಿ; ಪಕ್ಕದಲ್ಲಿ ಕೂರುವವರಿಗೂ ಗಾಳಿಚೀಲವು 2021ರ ಕೊನೆಯಿಂದ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಅನೇಕ ವಾಹನಗಳಲ್ಲಿ ಇವಿಲ್ಲ. ಮನೆಯ ಮಕ್ಕಳು ದಿನವೂ ಹೆದ್ದಾರಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದರೆ, ಅಥವಾ ರಾತ್ರಿವೇಳೆ ವೃದ್ಧರನ್ನು ದೂರದ ಆಸ್ಪತ್ರೆಗೆ ಒಯ್ಯಬೇಕಾಗುವ ಸಂದರ್ಭಗಳಿದ್ದರೆ, ಹಣದ ಲೆಕ್ಕವು ಹಳೆಯದರ ಕಡೆಗೆ ವಾಲಿದರೂ ಹೊಸದಕ್ಕೆ ಹೋಗುವುದು ಯುಕ್ತವಾದೀತು.

ಕಾನೂನಿನ ವಿಷಯದಲ್ಲಿ ತಪ್ಪು ತಿಳಿವಳಿಕೆಗಳು ಹಬ್ಬಿವೆ. ಹತ್ತು ವರ್ಷ ಮೀರಿದ ಡೀಸೆಲ್ ವಾಹನವನ್ನು ಓಡಿಸಕೂಡದೆಂದು ಹೇಳಿ ಕಡಮೆ ಬೆಲೆಗೆ ಕೊಂಡುಹೋಗುವ ದಲ್ಲಾಳಿಗಳುಂಟು. ಆ ನಿರ್ಬಂಧವು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿ ಮತ್ತು ಅದರ ಸುತ್ತಿನ ಪ್ರಾಂತಕ್ಕೆಂದು ಮಾಡಿದ ಆಜ್ಞೆಯಿಂದ ಹುಟ್ಟಿದುದು. ಕರ್ನಾಟಕದ ವಾಹನಗಳಿಗೆ ಅದು ಅನ್ವಯಿಸುವುದಿಲ್ಲ. ನಮ್ಮಲ್ಲಿ ಖಾಸಗಿ ವಾಹನದ ನೋಂದಣಿಯು 15 ವರ್ಷಗಳವರೆಗೆ ಸಲ್ಲುತ್ತದೆ. ಅನಂತರ ವಾಹನವನ್ನು ತಪಾಸಣೆಗೆ ಒಪ್ಪಿಸಿ, ಹಸಿರು ತೆರಿಗೆಯನ್ನು ಕಟ್ಟಿ, 5 ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬಹುದು. ಕಾರು ಜೀಪುಗಳ ನವೀಕರಣ ಶುಲ್ಕವು 2022ರ ಏಪ್ರಿಲ್ 1ರಿಂದ 5,000 ರೂಪಾಯಿ ಆಗಿದ್ದು, 20 ವರ್ಷ ಮೀರಿದವುಗಳಿಗೆ 2025ರ ಆಗಸ್ಟಿನಲ್ಲಿ 10,000ಕ್ಕೆ ಏರಿತು. ಅವಧಿ ಮುಗಿಯುವುದಕ್ಕೆ 60 ದಿನಗಳೊಳಗಾಗಿ ಅರ್ಜಿ ಹಾಕಿದರೆ ತಡವಾದುದರ ದಂಡ ಬೀಳುವುದಿಲ್ಲ.

ಹೊಸದನ್ನೇ ಕೊಳ್ಳಲು ನಿಶ್ಚಯಿಸಿದವರು, ಕರ್ನಾಟಕದಲ್ಲಿ ಪೆಟ್ರೋಲು, ಡೀಸೆಲ್ ಕಾರುಗಳಿಗೆ ಬೆಲೆಗನುಸಾರವಾಗಿ ನೂರಕ್ಕೆ 13ರಿಂದ 18ರವರೆಗೆ ಆಜೀವ ತೆರಿಗೆಯಿದೆಯೆಂಬುದನ್ನು ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿದಿರುವುದರಿಂದ, ಅದಕ್ಕೆ ಮೊದಲು ಕೇಳಿ ಬರೆದುಕೊಂಡ ದರಗಳನ್ನು ಬಿಟ್ಟು ಹೊಸದಾಗಿ ವಿಚಾರಿಸತಕ್ಕದ್ದು. 2020ರ ಏಪ್ರಿಲ್‌ನಿಂದೀಚೆಗಿನ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರು ಇರುವುದು. ಆ ಮಸಿಯು ಉರಿದುಹೋಗಬೇಕಾದರೆ ಆಗಾಗ್ಗೆ ಗಾಡಿಯು ಒಂದೇ ಸಮನೆ ತುಸು ವೇಗದಿಂದ ಓಡಬೇಕು; ಬರೇ ತೋಟದ ದಾರಿಯಲ್ಲಿ ಎರಡು ಮೂರು ಕಿಲೋಮೀಟರು ಸುತ್ತುವವರಿಗೆ ಅದು ಕಟ್ಟಿಕೊಂಡು ತೊಂದರೆ ಕೊಡುವುದು. ಅಂಥವರಿಗೆ ಪೆಟ್ರೋಲ್ ವಾಹನವು ಮೇಲು.

ಹಳೆಯದು ಆಗದು, ಹೊಸದರ ಕಂತೂ ಆಗದು ಎಂಬ ಮನೆಯವರು ನಾಲ್ಕೈದು ವರ್ಷ ಓಡಿದ ವಾಹನವನ್ನು ನೋಡಬಹುದು. ಬೆಲೆಯ ಮೊದಲ ಇಳಿತವನ್ನು ಬೇರೊಬ್ಬರು ಹೊತ್ತಿರುವುದರಿಂದ, ನಮ್ಮ ಎಣಿಕೆಯಲ್ಲಿ ಬಹುಮಂದಿ ಬೇಸಾಯಗಾರರಿಗೆ ಇದೇ ಯೋಗ್ಯವಾದ ಮಾರ್ಗ. ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲಾ ಅದಕ್ಕೂ ಮಾಡಿಸಿ, ನೋಂದಣಿ ಪತ್ರದಲ್ಲಿ ಬ್ಯಾಂಕಿನ ಅಡಮಾನವು ಉಳಿದಿಲ್ಲವೆಂಬುದನ್ನು ಖಚಿತಪಡಿಸಿಕೊಂಡೇ ಹಣ ಕೊಡಬೇಕು. ತಮ್ಮ ಹಳೆಯ ಗಾಡಿಯನ್ನು ಪರಿಚಯದವರಿಗೆ ಮಾರುವಾಗ ಈ ಕಾಗದಪತ್ರಗಳಲ್ಲಿ ನಮ್ಮವರು ತೋರುವ ಉದಾಸೀನವು ಹೇಳತೀರದು. ಹಣ ಪಡೆದು ಬೀಗದಕೈ ಕೊಟ್ಟರೂ, ಸಾರಿಗೆ ಕಚೇರಿಯಲ್ಲಿ ಹೆಸರು ಬದಲಾಗುವವರೆಗೆ ಆ ವಾಹನದಿಂದ ಆಗುವ ಅಪಘಾತಕ್ಕೆ ನೋಂದಣಿಯಲ್ಲಿರುವ ಮಾಲೀಕರೇ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ಕೊಟ್ಟಿದೆ. ವಿಮೆಯಿಲ್ಲದ ಗಾಡಿಯಾದರೆ ಪರಿಹಾರದ ಹಣವು ಮಾರಿದವರ ಜಮೀನಿನ ಮೇಲೆಯೇ ಬರಬಹುದು. ಆದುದರಿಂದ 29 ಮತ್ತು 30ನೆಯ ನಮೂನೆಗಳಿಗೆ ರುಜು ಹಾಕಿಸಿ, ಕೊಳ್ಳುವವರೊಡನೆ ತಾವೇ ಸಾರಿಗೆ ಕಚೇರಿಗೆ ಹೋಗಿ, ಹೆಸರು ಬದಲಾದ ಪತ್ರದ ಪ್ರತಿಯನ್ನು ಪಡೆದುಕೊಳ್ಳತಕ್ಕದ್ದು.